ಒಂದು ಸೆಂಟ್ ಅಂದ್ರೆ ಎಷ್ಟು?

ಕೊಡಗಿನ ಮನೆಗಳಲ್ಲಿ ಈ ಪ್ರಶ್ನೆ ಕೇಳಿದ್ರೆ ಎದುರಿಗಿರೋರು ಉತ್ತರ ಹೇಳೋ ಮೊದಲು ನಿಮ್ಮನ್ನೇ ತಿರುಗಿ ಕೇಳ್ಬೇಕಾಗ್ತದೆ: ಜಾಗದ ಸೆಂಟಾ, ಮಳೆ ಸೆಂಟಾ, ಕಾಫಿ ರೇಟಿನ ಸೆಂಟಾ? ಜಾಗದ ಸೆಂಟ್ ಎಕರೆಯ ನೂರನೇ ಪಾಲು. ಮಳೆ ಸೆಂಟ್ ಇಂಚಿನ ನೂರನೇ ಪಾಲು. ನ್ಯೂಯಾರ್ಕ್ ಮಾರ್ಕೆಟಿನಲ್ಲಿ ಅರೇಬಿಕಾಕ್ಕೆ ಬೆಲೆ ಹೇಳೋದು ಪೌಂಡಿಗೆ ಇಷ್ಟು ಅಮೆರಿಕದ ಸೆಂಟ್ ಅಂತ; ಅದು ಡಾಲರಿನ ನೂರನೇ ಪಾಲು. ಮೂರು ಸೆಂಟೂ ನಮ್ಮ ಜಗಲಿಯಲ್ಲಿ ಒಂದೇ ಬೆಳಿಗ್ಗೆ ಮಾತಿಗೆ ಬರ್ತವೆ. "ನಿನ್ನೆ ರಾತ್ರಿ 40 ಸೆಂಟ್ ಬಿತ್ತು" ಅಂದ್ರೆ ಯಾರೂ ಆಕಾಶದಿಂದ ಜಾಗ ಬಿತ್ತಾ ಅಂತ ನೋಡೋದಿಲ್ಲ. ಮನುಷ್ಯರಿಗೆ ಮಾತಿನ ಸಂದರ್ಭ ಗೊತ್ತಾಗ್ತದೆ. ಮೊಬೈಲಿಗೆ ಗೊತ್ತಾಗೋದಿಲ್ಲ.

ಈಗ ಈ ವಿಷಯ ಯಾಕೆ ಅಂದ್ರೆ, ನಮ್ಮ ಕಡೆ ನೆಂಟರಿಷ್ಟರಲ್ಲಿ ಮೂರು ನಾಲ್ಕು ಜನ ಒಂದೇ ತಿಂಗಳಲ್ಲಿ ನನ್ನ ಹತ್ರ ಇದನ್ನೇ ಕೇಳಿದ್ರು. ಎಕರೆ-ಸೆಂಟ್, ಇಂಚು-ಮಿಲಿಮೀಟರ್, ಕಪ್-ಗ್ರಾಂ ಎಲ್ಲಾ ಸೇರಿ ಲೆಕ್ಕ ಮಾಡೋ ಒಂದು ಒಳ್ಳೆ ಕ್ಯಾಲ್ಕುಲೇಟರ್ ಆಪ್ ಯಾವುದು ಅಂತ. ನಾನು ಪಿಯುಸಿ ಓದಿದವಳು, ಕಂಪ್ಯೂಟರ್ ಪಂಡಿತೆ ಅಲ್ಲ. ಆದ್ರೆ ಮನೆ ಲೆಕ್ಕ, ತೋಟದ ಆಳುಗಳ ಲೆಕ್ಕ, ಮೂಟೆ ಲೆಕ್ಕ ಬರೆದು ಇಪ್ಪತ್ತೈದು ವರ್ಷ ಮೇಲಾಯ್ತು. ಹಾಗಾಗಿ ಒಂದಷ್ಟು ದಿನ ಮೊಬೈಲಿನಲ್ಲಿ ಒಂದೊಂದೇ ಹಾಕಿ, ಒತ್ತಿ, ತೆಗೆದು ನೋಡಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ: ಅಂಕಿ ಪಕ್ಕದಲ್ಲಿ ಅಳತೆಯ ಹೆಸರನ್ನೂ ಬರೆಯೋಕೆ ಬಿಡದ ಕ್ಯಾಲ್ಕುಲೇಟರ್ ಜಾಗದ ಲೆಕ್ಕಕ್ಕೂ ಬೇಡ, ಮದ್ದಿನ ಲೆಕ್ಕಕ್ಕೂ ಬೇಡ. ನಮ್ಮ ಊರಿನ ಅಳತೆಯನ್ನ ನಾವೇ ಅದಕ್ಕೆ ಕಲಿಸೋಕೆ ಆಗದಿದ್ರೆ ಅದು ಅರ್ಧ ಕ್ಯಾಲ್ಕುಲೇಟರ್.

ಜಾಗದಿಂದ ಶುರು ಮಾಡ್ತೇನೆ. ಇದ್ರಲ್ಲೇ ಜಾಸ್ತಿ ಪೆಟ್ಟು ಬೀಳೋದು.

ನಮ್ಮ ಜಿಲ್ಲೆಯಲ್ಲಿ ಎಕರೆ-ಸೆಂಟ್. ಗಡಿ ದಾಟಿ ಪಿರಿಯಾಪಟ್ಟಣ, ಹುಣಸೂರು ಕಡೆ ಹೋದ್ರೆ ಎಕರೆ-ಗುಂಟೆ. ನೂರು ಸೆಂಟಿಗೆ ಒಂದು ಎಕರೆ, ನಲವತ್ತು ಗುಂಟೆಗೂ ಒಂದು ಎಕರೆ. ಅಂದ್ರೆ ಒಂದು ಗುಂಟೆಗೆ ಎರಡೂವರೆ ಸೆಂಟ್. ಚದರಡಿಯಲ್ಲಿ ಹೇಳ್ಬೇಕಾದ್ರೆ ಎಕರೆ 43,560, ಗುಂಟೆ 1,089, ಸೆಂಟ್ 435.6. ಇದಿಷ್ಟು ಎಲ್ಲರಿಗೂ ಗೊತ್ತು. ಎಡವಟ್ಟು ಆಗೋದು ಮಧ್ಯದ ಆ ಒಂದು ಚುಕ್ಕೆಯಿಂದ. ಒಂದು ಚೀಟಿಯಲ್ಲಿ "2.30" ಅಂತ ಇದ್ರೆ ನಾವು ಓದೋದು ಎರಡು ಎಕರೆ ಮೂವತ್ತು ಸೆಂಟ್. ಮೈಸೂರು ಕಡೆಯವರು ಓದೋದು ಎರಡು ಎಕರೆ ಮೂವತ್ತು ಗುಂಟೆ. ಮೂವತ್ತು ಗುಂಟೆ ಅಂದ್ರೆ ಎಪ್ಪತ್ತೈದು ಸೆಂಟ್. ಒಂದೇ ಚೀಟಿ, ಒಬ್ಬರಿಗೆ 230 ಸೆಂಟ್, ಇನ್ನೊಬ್ಬರಿಗೆ 275. ನಡುವೆ 45 ಸೆಂಟ್ ಗಾಳಿಯಲ್ಲಿ ಹೋಯ್ತು. 45 ಸೆಂಟ್ ಅಂದ್ರೆ 19,602 ಚದರಡಿ. ಪೇಟೆಯ 30-40 ಸೈಟಿನ ಲೆಕ್ಕದಲ್ಲಿ ಹದಿನಾರು ಸೈಟು ಮಾರಾಯ್ತಿ!

ಕ್ಯಾಲ್ಕುಲೇಟರಿನಲ್ಲಿ 2.30 ಒತ್ತಿ ಮೂರರಿಂದ ಭಾಗಿಸಿದ್ರೆ ಅದು ಖುಷಿಯಲ್ಲಿ 0.7666 ಅಂತ ಕೊಡ್ತದೆ. ಆ ಉತ್ತರ ಸೆಂಟಿಗೆ ಸರಿ, ಗುಂಟೆಗೆ ಸುಳ್ಳು. ಗುಂಟೆ ಆಗಿದ್ರೆ ಅದು ದಶಮಾಂಶವೇ ಅಲ್ಲ. ಎರಡು ಬೇರೆ ಬೇರೆ ಅಂಕಿ, ನಡುವೆ ಒಂದು ಚುಕ್ಕೆ ಅಷ್ಟೆ. ಒಂದು ಸಣ್ಣ ಉಪಾಯ ಹೇಳ್ತೇನೆ. ಚುಕ್ಕೆ ಆದ ಮೇಲಿನ ಅಂಕಿ 40 ಅಥವಾ ಅದಕ್ಕಿಂತ ಹೆಚ್ಚಿದ್ರೆ ಅದು ಗುಂಟೆ ಆಗಿರೋಕೆ ಸಾಧ್ಯ ಇಲ್ಲ, ಯಾಕೆಂದ್ರೆ 40ಕ್ಕೆ ಎಕರೆ ತುಂಬಿಹೋಗ್ತದೆ. 39 ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಮಾತ್ರ ಕೇಳಲೇಬೇಕು: ಇದು ಎಂತದ್ದು, ಸೆಂಟಾ ಗುಂಟೆಯಾ?

2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣು ಮಕ್ಕಳಿಗೂ ಗಂಡು ಮಕ್ಕಳಷ್ಟೇ ಪಾಲು. (ಜಮ್ಮಾ, ಬಾಣೆಯ ಗೋಜಲು ಬೇರೆ ಉಂಟು, ಅದನ್ನ ನಾನು ಇಲ್ಲಿ ಎತ್ತೋದಿಲ್ಲ, ಎತ್ತಿದ್ರೆ ಇಳಿಸೋಕೆ ಆಗೋದಿಲ್ಲ.) ಪಾಲಿನ ಮಾತು ಆಗುವಾಗ ನಾವು ಹೆಂಗಸರು ಎಂತ ಮಾಡ್ತೇವೆ? ಒಳಗೆ ಕಾಫಿ ಮಾಡ್ತಾ ಇರ್ತೇವೆ. ಹೊರಗೆ ಭಾವಂದಿರು, ಅಣ್ಣಂದಿರು ಮೊಬೈಲ್ ಒತ್ತಿ "ನಿಂಗೆ ಇಷ್ಟ್ ಉಟ್ಟು" ಅಂತಾರೆ. ಅವರು ಮೋಸ ಮಾಡ್ತಾರೆ ಅಂತ ನಾನು ಹೇಳ್ತಾ ಇಲ್ಲ. ಒತ್ತಿದ ಮೊಬೈಲಿಗೆ ಸೆಂಟ್ ಗೊತ್ತಾ ಗುಂಟೆ ಗೊತ್ತಾ ಅಂತ ಅವರಿಗೂ ಗೊತ್ತಿರೋದಿಲ್ಲ. ಲೋಟ ಕೆಳಗಿಟ್ಟು ಒಂದು ಸಾರಿ ಕೇಳಿ. ಮೂರೂವರೆ ಎಕರೆ ಮೂರು ಜನಕ್ಕೆ ಅಂದ್ರೆ ಒಬ್ಬೊಬ್ಬರಿಗೆ 116 ಸೆಂಟ್, ಮೇಲೆ ಒಂದು ಸೆಂಟಿನ ಮೂರನೇ ಎರಡು ಪಾಲು. ಗುಂಟೆಯಲ್ಲಿ 46, ಮೇಲೆ ಮೂರನೇ ಎರಡು. ಎರಡೂ ಒಂದೇ ಜಾಗ. ಕಾಗದದಲ್ಲಿ 46 ಅಂತ ಬರೆದು ಪಕ್ಕದಲ್ಲಿ ಎಂತದ್ದು ಅಂತ ಬರೆಯದಿದ್ರೆ ನಾಳೆ ಮಕ್ಕಳ ಕಾಲಕ್ಕೆ ಅದು 46 ಸೆಂಟ್ ಆದೀತು.

ಇದಕ್ಕೇ ನಾನು ಹೇಳೋದು ಅಂಕಿಗೆ ಹೆಸರು ಬೇಕು ಅಂತ. ಪಿಯುಸಿಯಲ್ಲಿ ಫಿಸಿಕ್ಸ್ ಮೇಷ್ಟ್ರು ಉತ್ತರದ ಪಕ್ಕ ಯೂನಿಟ್ ಬರೆಯದಿದ್ರೆ ಅರ್ಧ ಮಾರ್ಕ್ ಕಳೀತಾ ಇದ್ರು. ಆವಾಗ ಬೈಕೊಂಡವರೇ ಎಲ್ಲ. ಅವರು ಕಳೆದದ್ದು ಅರ್ಧ ಮಾರ್ಕ್. 1983ರ ಜುಲೈನಲ್ಲಿ ಕೆನಡಾದಲ್ಲಿ ಒಂದು ದೊಡ್ಡ ವಿಮಾನ ಆಕಾಶದಲ್ಲೇ ಎಣ್ಣೆ ಖಾಲಿಯಾಗಿ ನಿಂತುಹೋಯ್ತು. ಏರ್ ಕೆನಡಾದ ಬೋಯಿಂಗ್ 767. ಅದಕ್ಕೆ ಬೇಕಾಗಿದ್ದದ್ದು 22,300 ಕಿಲೋ ಎಣ್ಣೆ. ಆ ದೇಶ ಪೌಂಡ್ ಬಿಟ್ಟು ಕಿಲೋಗೆ ಬರ್ತಾ ಇದ್ದ ಕಾಲ. ಲೀಟರನ್ನ ತೂಕಕ್ಕೆ ತಿರುಗಿಸುವಾಗ 0.8ರಿಂದ ಗುಣಿಸೋ ಬದಲು 1.77ರಿಂದ ಗುಣಿಸಿದ್ರು. 0.8 ಅನ್ನೋದು ಕಿಲೋದ ಲೆಕ್ಕ, 1.77 ಪೌಂಡಿನ ಲೆಕ್ಕ. ಅಂಕಿ ಪಕ್ಕ ಹೆಸರು ಇರಲಿಲ್ಲ. ಗುಣಾಕಾರದಲ್ಲಿ ಎಂತ ತಪ್ಪೂ ಇಲ್ಲ, ಹೋಗಿದ್ದು ಬೇಕಾದದ್ದರ ಅರ್ಧಕ್ಕಿಂತ ಕಮ್ಮಿ ಎಣ್ಣೆ. ಪೈಲಟ್ ಅದನ್ನ ಗಾಳಿಪಟದ ಹಾಗೆ ತೇಲಿಸಿಕೊಂಡು ಗಿಮ್ಲಿ ಅನ್ನೋ ಊರಿನ ಹಳೇ ಏರ್‌ಫೋರ್ಸ್ ಮೈದಾನದಲ್ಲಿ ಇಳಿಸಿದ, ಒಳಗಿದ್ದ 69 ಜನಾನೂ ಉಳಿದ್ರು. ಅಷ್ಟು ಓದಿದವರ ಕೈಯಲ್ಲೇ ಹೀಗಾಗ್ತದೆ ಅಂದ್ರೆ ನಮ್ಮ ಚೀಟಿಯ ಚುಕ್ಕೆ ಯಾವ ಲೆಕ್ಕ!

ಇನ್ನು ಮಳೆ. ನಮ್ಮ ಕಡೆ ತೋಟದ ಮನೆಗಳಲ್ಲಿ ಮಳೆ ಮಾಪಕ ಇಡೋದು, ಬೆಳಿಗ್ಗೆ ನೋಡಿ ಡೈರಿಯಲ್ಲಿ ಬರೆಯೋದು ಹಳೇ ರೂಢಿ. ಅಳತೆ ಇಂಚು ಮತ್ತು ಸೆಂಟ್. ಪೇಪರಿನಲ್ಲಿ, ಟಿ.ವಿ.ಯಲ್ಲಿ ಬರೋದು ಮಿಲಿಮೀಟರ್. ಒಂದು ಇಂಚಿಗೆ 25.4 ಮಿ.ಮೀ. ಹಾಗಾಗಿ 75 ಸೆಂಟ್ ಅಂದ್ರೆ 19 ಮಿ.ಮೀ. ಫೆಬ್ರವರಿ-ಮಾರ್ಚ್‌ನ ಹೂ ಮಳೆಗೆ ಒಂದು ಇಂಚು ಬಂದ್ರೆ ಎಲ್ಲರ ಮುಖ ಅರಳ್ತದೆ, 30 ಸೆಂಟ್ ಬಂದು ನಿಂತ್ರೆ ಎದೆ ಹೊಡ್ಕೊಳ್ತದೆ, ಆಮೇಲೆ ಸ್ಪ್ರಿಂಕ್ಲರ್ ಹುಡುಕೋ ಓಡಾಟ. ಆ ಒಂದು ಇಂಚು ಎಷ್ಟು ನೀರು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿದ್ದೆ. ಒಂದು ಎಕರೆ ಮೇಲೆ ಒಂದು ಇಂಚು ನಿಂತ್ರೆ 1,02,790 ಲೀಟರ್. 12 ಸಾವಿರ ಲೀಟರಿನ ಟ್ಯಾಂಕರ್ ಎಂಟೂವರೆ ಬಂದ್ರೂ ಸಾಲದು. ಮೇಲಿನವನು ಧರ್ಮಕ್ಕೆ ಕೊಡೋದು ಅಂದ್ರೆ ಇದು. ಈ ಲೆಕ್ಕ ಮಾಡುವಾಗ ನನಗೆ ಎಕರೆಯಿಂದ ಚದರ ಮೀಟರ್, ಇಂಚಿನಿಂದ ಮೀಟರ್, ಘನ ಮೀಟರಿನಿಂದ ಲೀಟರ್ ಅಂತ ಮೂರು ಸಾರಿ ಆಪಿನ ಒಳಗೆ ಹೊರಗೆ ಹೋಗಿ ಬರ್ಬೇಕಾಯ್ತು. ಅಳತೆ ಹೆಸರು ಸಮೇತ ಬರೆಯೋಕೆ ಬಿಡೋ ಕ್ಯಾಲ್ಕುಲೇಟರಿನಲ್ಲಿ "1 ಎಕರೆ ಗುಣಿಸು 1 ಇಂಚು, ಲೀಟರಿನಲ್ಲಿ ಹೇಳು" ಅಂದ್ರೆ ಮುಗೀತು.

ಮಳೆಗಾಲದಲ್ಲಿ ಇದು ಬರೀ ಹವ್ಯಾಸದ ಲೆಕ್ಕ ಅಲ್ಲ. 2018ರ ಆಗಸ್ಟ್ ನೋಡಿದವರಿಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ಹವಾಮಾನ ಇಲಾಖೆಯವರು "ಭಾರೀ", "ಅತಿ ಭಾರೀ", "ಅತ್ಯಂತ ಭಾರೀ" ಅಂತ ಹೇಳೋದಕ್ಕೆ ಲೆಕ್ಕ ಉಂಟು. ಒಂದು ದಿನದಲ್ಲಿ 64.5 ಮಿ.ಮೀ.ನಿಂದ ಭಾರೀ ಮಳೆ, 115.6ರಿಂದ ಅತಿ ಭಾರೀ, 204.5 ಮುಟ್ಟಿದ್ರೆ ಅತ್ಯಂತ ಭಾರೀ. ನಮ್ಮ ಅತ್ತೆಗೆ 204 ಅಂದ್ರೆ ಎಂತದೂ ಅನ್ನಿಸೋದಿಲ್ಲ. ಅವರಿಗೆ ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು ಅಂತ ಹೇಳ್ಬೇಕು. ಎಂಟು ಇಂಚು ಅಂದ ಕೂಡಲೇ ಅವರೇ ಎದ್ದು ಹಿಂದಿನ ಬರೆ ಕಡೆ ನೋಡ್ತಾರೆ. ಮನೆಯಲ್ಲಿ ವಯಸ್ಸಾದವರು ಇದ್ರೆ ಈ ಮೂರು ಅಂಕಿಯನ್ನ ಇಂಚಿನಲ್ಲೇ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ.

ಕಾಫಿಗೆ ಬಂದ್ರೆ ಅಳತೆ ಹೊರಗಿನದ್ದು ಒಂದು, ಒಳಗಿನದ್ದು ಒಂದು. ನಾವು ಮಾರೋದು 50 ಕಿಲೋ ಮೂಟೆ ಲೆಕ್ಕದಲ್ಲಿ. ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ ಸೆಂಟ್, ಲಂಡನ್‌ನಲ್ಲಿ ರೋಬಸ್ಟಾ ಟನ್ನಿಗೆ ಡಾಲರ್. ಪೌಂಡ್ ಅಂದ್ರೆ 453.6 ಗ್ರಾಂ. ಲೆಕ್ಕಕ್ಕೆ 300 ಸೆಂಟ್ ಅಂತ ಇಟ್ಕೊಂಡ್ರೆ ಕಿಲೋಗೆ 6 ಡಾಲರ್ 61 ಸೆಂಟ್. ಇದನ್ನ ನೋಡಿ ಡಾಲರ್ ರೇಟಿಂದ ಗುಣಿಸಿ, ಐವತ್ತರಿಂದ ಗುಣಿಸಿ "ನಮ್ಗೆ ಇಷ್ಟ್ ಕಮ್ಮಿ ಕೊಡ್ತಾರೆ" ಅಂತ ಜಗಳಕ್ಕೆ ಹೊರಡೋರು ಒಂದು ವಿಷಯ ಮರೀತಾರೆ. ಅಲ್ಲಿಯ ಬೆಲೆ ಸಿಪ್ಪೆ ತೆಗೆದ ಕ್ಲೀನ್ ಬೀಜಕ್ಕೆ. ನಮ್ಮ ಮೂಟೆಯಲ್ಲಿ ಇರೋದು ಪಾರ್ಚ್‌ಮೆಂಟ್ ಅಥವಾ ಚೆರ್ರಿ. 50 ಕಿಲೋ ಪಾರ್ಚ್‌ಮೆಂಟಿನಲ್ಲಿ ಕ್ಲೀನ್ ಬೀಜ 40 ಕಿಲೋ ಆಸುಪಾಸು. ಚೆರ್ರಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ. ಅದನ್ನೇ ಔಟ್‌ಟರ್ನ್ ಅನ್ನೋದು. 50 ಕಿಲೋ ಚೆರ್ರಿಯಿಂದ 27 ಕಿಲೋ ಬೀಜ ಇಳಿದ್ರೆ ಔಟ್‌ಟರ್ನ್ 27. ಒಂದು ಪಾಯಿಂಟಿಗೆ 380 ರೂಪಾಯಿ ಅಂತ ಇಟ್ಕೊಳ್ಳಿ: 27ಕ್ಕೆ ಮೂಟೆಗೆ 10,260, 26ಕ್ಕೆ 9,880. ಅರವತ್ತು ಮೂಟೆ ಇದ್ದ ಮನೆಗೆ ಆ ಒಂದು ಪಾಯಿಂಟಲ್ಲೇ 22,800 ರೂಪಾಯಿ ವ್ಯತ್ಯಾಸ. ಔಟ್‌ಟರ್ನ್ ತೆಗೆಯುವಾಗ ಹತ್ರ ನಿಂತು ನೋಡಿ, ಎಷ್ಟು ಗ್ರಾಂ ಸ್ಯಾಂಪಲ್ ತೆಗೆದ್ರು, ಎಷ್ಟು ಗ್ರಾಂ ಬೀಜ ಬಂತು ಅಂತ ನೀವೇ ಒತ್ತಿ ನೋಡಿ. ಇದಕ್ಕೆ ಯಾವ ದೊಡ್ಡ ಆಪೂ ಬೇಡ, ಬೀಜದ ತೂಕವನ್ನ ಸ್ಯಾಂಪಲ್ ತೂಕದಿಂದ ಭಾಗಿಸಿ 50ರಿಂದ ಗುಣಿಸಿದ್ರೆ ಆಯ್ತು.

ಚಿನ್ನದ ವಿಷಯ ಚಿಕ್ಕದಾಗಿ. ನಮಗೆ ಪವನು ಅಂದ್ರೆ 8 ಗ್ರಾಂ. ಹಳೇ ತೊಲ 11.66 ಗ್ರಾಂ, ಆದ್ರೆ ಮುಂಬೈ ಕಡೆ ಇರೋ ನೆಂಟರು ತೊಲ ಅಂತ 10 ಗ್ರಾಮಿಗೂ ಹೇಳ್ತಾರೆ. ಮದುವೆ ಮಾತಿನಲ್ಲಿ "ಐದು ತೊಲ" ಅಂತ ಬಂದ್ರೆ ಗ್ರಾಮಿನಲ್ಲಿ ಹೇಳಿ ಅಂತ ಕೇಳೋದ್ರಲ್ಲಿ ನಾಚಿಕೆ ಎಂತದ್ದು? ಎಂಟು ಗ್ರಾಂ ಮೇಲೆ ವ್ಯತ್ಯಾಸ ಬರ್ತದೆ, ಒಂದು ಪವನು ಹೋಯ್ತು.

ಅಡುಗೆಮನೆಯಲ್ಲಿ ಮಾತ್ರ ನಾನು ಆಪಿನ ಪರ ಇಲ್ಲ. ಮಕ್ಕಳು ಕೇಕಿಗೆ ಅಂತ ಕಪ್ಪನ್ನ ಗ್ರಾಮಿಗೆ ತಿರುಗಿಸ್ತಾರೆ. ಕಪ್ ಅನ್ನೋದು ಜಾಗದ ಅಳತೆ, ಗ್ರಾಂ ತೂಕದ್ದು. ಅದೇ ಕಪ್ಪಿನಲ್ಲಿ ಸಕ್ಕರೆ 200 ಗ್ರಾಂ ಹಿಡೀತದೆ, ಮೈದಾ 120 ಆಸುಪಾಸು, ಜೇನು 340. ಎಂತ ತುಂಬಿಸ್ತೀರಿ ಅಂತ ಕೇಳದೆ "ಒಂದು ಕಪ್ ಇಷ್ಟು ಗ್ರಾಂ" ಅಂತ ಹೇಳೋ ಆಪನ್ನ ಕೂಡ್ಲೇ ತೆಗೆದುಹಾಕಿ, ಅದು ನೀರಿನ ಲೆಕ್ಕ ಕೊಡ್ತಾ ಇರ್ತದೆ. ನಮ್ಮ ಅಡುಗೆಗೆ ಇದೆಲ್ಲ ಬೇಕೂ ಇಲ್ಲ. ಕಡುಬಿಗೆ ಒಂದು ಪಾವು ತರಿಗೆ ಎರಡು ಪಾವು ನೀರು. ಪಾವು ಯಾವ ಊರಿನದ್ದಾದ್ರೂ ಕಡುಬು ಸರಿಯಾಗೇ ಬರ್ತದೆ, ಎರಡಕ್ಕೂ ಅದೇ ಪಾವು ಹಾಕಿದ್ರೆ ಸಾಕು. ಓವನ್ನಿನ ಬಿಸಿ ಮಾತ್ರ ನೋಡಿಕೊಳ್ಳಿ. ಅಮೆರಿಕದ ರೆಸಿಪಿಯ 350 ಅಂದ್ರೆ ನಮ್ಮ ಓವನ್ನಿನ 177.

ಮದ್ದಿನ ವಿಷಯದಲ್ಲಿ ನಗಾಡೋ ಹಾಗಿಲ್ಲ. ಪಕ್ಕದ ಮನೆಯ ಅಕ್ಕ ಮಗಳ ಬಾಣಂತನಕ್ಕೆ ಅಂತ ಕೆನಡಾಕ್ಕೆ ಹೋಗಿದ್ರು. ಅಲ್ಲಿ ಅಳಿಯ ತಂದುಕೊಟ್ಟ ಸಕ್ಕರೆ ನೋಡೋ ಮೆಷಿನಿನಲ್ಲಿ 8.5 ಅಂತ ಬಂತು. ಊರಲ್ಲಿ 150, 160 ನೋಡಿದವರಿಗೆ ಎಂಟೂವರೆ! ಸಕ್ಕರೆ ಪೂರ್ತಿ ಇಳಿದುಹೋಯ್ತು ಅಂತ ಹೆದರಿ ಬಾಯಿಗೆ ಎರಡು ಚಮಚ ಸಕ್ಕರೆ ಹಾಕಿಕೊಂಡ್ರಂತೆ. ಅಲ್ಲಿಯ ಅಳತೆ ಬೇರೆ, ಮಿಲಿಮೋಲ್ ಅಂತಾರೆ. ಅದನ್ನ 18ರಿಂದ ಗುಣಿಸಿದ್ರೆ ನಮ್ಮ ಅಂಕಿ ಬರ್ತದೆ. 8.5 ಅಂದ್ರೆ 153. ವಿದೇಶಕ್ಕೆ ಹೋಗೋ ಅತ್ತೆ-ಅವ್ವಂದಿರ ಬ್ಯಾಗಿನಲ್ಲಿ ಉಪ್ಪಿನಕಾಯಿ ಜೊತೆ ಈ 18ನ್ನೂ ಬರೆದು ಹಾಕಿ ಕಳಿಸಿ.

ಇನ್ಸುಲಿನ್ ತಗೊಳ್ಳೋರ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು. ನಮ್ಮ ದೇಶದಲ್ಲಿ ಬಾಟಲಿ ಇನ್ಸುಲಿನ್ ಹೆಚ್ಚಾಗಿ ಒಂದು ಎಂ.ಎಲ್.ಗೆ 40 ಯೂನಿಟ್, ಪೆನ್ನಿನಲ್ಲಿ ಬರೋದು 100 ಯೂನಿಟ್. ಸಿರಿಂಜೂ ಬೇರೆ, 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ್ದು. ಅದೇ ಅರ್ಧ ಎಂ.ಎಲ್. ಒಂದರಲ್ಲಿ 20 ಯೂನಿಟ್, ಇನ್ನೊಂದರಲ್ಲಿ 50. ಇಲ್ಲಿ ಯಾವ ಆಪಿನಲ್ಲೂ ತಿರುಗಿಸೋಕೆ ಹೋಗ್ಬೇಡಿ. ಬಾಟಲಿ ಮೇಲಿನ ಅಂಕಿ ಮತ್ತು ಸಿರಿಂಜಿನ ಮೇಲಿನ ಅಂಕಿ ಒಂದೇ ಉಂಟಾ ಅಂತ ನೋಡಿ, ಇಲ್ಲದಿದ್ರೆ ಮೆಡಿಕಲ್ಲಿಗೆ ವಾಪಸ್ ಕೊಡಿ. ಮಕ್ಕಳ ಜ್ವರದ ಸಿರಪ್ಪೂ ಹಾಗೆಯೇ. 5 ಎಂ.ಎಲ್.ಗೆ 125 ಮಿಲಿಗ್ರಾಂದೂ ಸಿಗ್ತದೆ, 250ರದ್ದೂ ಸಿಗ್ತದೆ. "ಒಂದು ಚಮಚ" ಅಂತ ಫೋನಿನಲ್ಲಿ ಹೇಳೋ ಅಜ್ಜಿಯಂದಿರು ಯಾವ ಬಾಟಲಿ ಅಂತ ಕೇಳಿ ಹೇಳಿ, ಡಾಕ್ಟರ್ ಎಷ್ಟು ಎಂ.ಎಲ್. ಬರೆದಿದ್ದಾರೆ ಅಂತಲೂ ಕೇಳಿ.

ಸರಿ, ಆಪ್ ಯಾವುದು ಅಂತ ಕೇಳಿದವರಿಗೆ ಈಗ ಹೇಳ್ತೇನೆ. ಮೊದಲು ನಿಮ್ಮ ಮೊಬೈಲಿನಲ್ಲಿ ಇರೋ ಕ್ಯಾಲ್ಕುಲೇಟರನ್ನೇ ಸರಿಯಾಗಿ ನೋಡಿ. ಸ್ಯಾಮ್‌ಸಂಗ್‌ನದ್ದರಲ್ಲಿ ಸ್ಕೇಲಿನ ಚಿತ್ರ ಇರೋ ಒಂದು ಗುರುತು ಉಂಟು, ಅದನ್ನ ಒತ್ತಿದ್ರೆ ಉದ್ದ, ತೂಕ, ಜಾಗ, ಬಿಸಿ ಎಲ್ಲ ತಿರುಗಿಸ್ತದೆ. ಐಫೋನಿನ ಕ್ಯಾಲ್ಕುಲೇಟರಿಗೆ 2024ರಿಂದ ಇದು ಬಂದಿದೆ. ಸಾಧಾರಣ ಕೆಲಸಕ್ಕೆ ಇಷ್ಟೇ ಸಾಕು, ಬೇರೆ ಹಾಕೋದೇ ಬೇಡ. ಗೂಗಲ್‌ನಲ್ಲಿ ಇಂಚು, ಮಿ.ಮೀ. ಅಂತ ಬರೆದು ಕೇಳಿದ್ರೂ ಹೇಳ್ತದೆ. ಆದ್ರೆ ಅದಕ್ಕೆ ನೆಟ್ ಬೇಕು. ಜುಲೈ ತಿಂಗಳಲ್ಲಿ ಮರ ಬಿದ್ದು ಕರೆಂಟ್ ಹೋಗಿ, ಟವರ್ ಸತ್ತು ಮೂರು ದಿನ ಕೂತಾಗ ಗೂಗಲ್ ಎಲ್ಲಿಂದ ಬರ್ಬೇಕು? ನಮ್ಮ ಜಿಲ್ಲೆಗೆ ನೆಟ್ ಇಲ್ಲದೆ ನಡೆಯೋದೇ ಆಗ್ಬೇಕು. ಹಾಕಿದ ಮೇಲೆ ನೆಟ್ ಬಂದ್ ಮಾಡಿ ಒಮ್ಮೆ ಒತ್ತಿ ನೋಡಿ. ಡಾಲರ್ ರೇಟ್ ಬಿಟ್ಟು ಬೇರೆ ಯಾವುದಕ್ಕೂ ಅದು ನೆಟ್ ಕೇಳ್ಬಾರದು. ಇಂಚು ನಿನ್ನೆಗೂ ಇವತ್ತಿಗೂ ಒಂದೇ ಅಲ್ವಾ! ಮತ್ತೆ, ಇಂಚನ್ನ ಮಿಲಿಮೀಟರ್ ಮಾಡೋಕೆ ನಮ್ಮ ಫೋನ್ ನಂಬರ್‌ಗಳ ಪಟ್ಟಿ, ನಾವು ಎಲ್ಲಿದ್ದೇವೆ ಅನ್ನೋದು ಯಾಕೆ ಬೇಕು ಅದಕ್ಕೆ? ಅದನ್ನ ಕೇಳೋ ಆಪನ್ನ ಹೊಸ್ತಿಲಿಂದಲೇ ಕಳಿಸಿ.

ನಾನು ನೋಡಿದ ಒಂದರಲ್ಲಿ 12 ಸೆಂಟ್ ಅಂತ ಬರೆದ್ರೆ ರೂಪಾಯಿ ಲೆಕ್ಕ ಕೊಟ್ಟಿತು. ನಮ್ಮ ಗದ್ದೆ ಹತ್ತು ರೂಪಾಯಿಗೆ ಹೋಯ್ತು! ಗುಂಟೆ ಕೆಲವರಲ್ಲಿ ಉಂಟು, ಪವನು ಇಲ್ಲವೇ ಇಲ್ಲ. ಹಾಗಾಗಿ ನನಗೆ ಮನಸ್ಸಿಗೆ ಬಂದದ್ದು ತಮ್ಮನ ಹೈದ ಅವನ ಲ್ಯಾಪ್‌ಟಾಪಿನಲ್ಲಿ ತೋರಿಸಿದ ಕ್ವಾಲ್ಕುಲೇಟ್ ಅನ್ನೋದು. ದುಡ್ಡಿಲ್ಲ, ಜಾಹೀರಾತಿಲ್ಲ. ಅಂಕಿ ಜೊತೆ ಅಳತೆ ಹೆಸರು ಬರೆದೇ ಲೆಕ್ಕ ಮಾಡೋದು. 2.30 ಎಕರೆ ಎಷ್ಟು ಹೆಕ್ಟೇರ್ ಅಂದ್ರೆ 0.93 ಅಂತದೆ. ಕಿಲೋವನ್ನ ಎಕರೆಗೆ ಕೂಡಿಸು ಅಂದ್ರೆ ಕೂಡಿಸೋದಿಲ್ಲ. ಎಲ್ಲಕ್ಕಿಂತ ದೊಡ್ಡದು, ಹೊಸ ಅಳತೆಯನ್ನ ನಾವೇ ಬರೆದು ಇಡಬಹುದು. ಜಾಗದ ಸೆಂಟಿಗೆ ಒಂದು ಹೆಸರು, ಮಳೆ ಸೆಂಟಿಗೆ ಇನ್ನೊಂದು ಹೆಸರು, ಪವನು 8 ಗ್ರಾಂ. ಹುಡುಗ ಹತ್ತು ನಿಮಿಷದಲ್ಲಿ ಹಾಕಿಕೊಟ್ಟ. ಲ್ಯಾಪ್‌ಟಾಪ್ ಇರೋ ಮನೆಯವರು ಮಕ್ಕಳಿಗೆ ಹೇಳಿ ಇದನ್ನ ಹಾಕಿಸಿಕೊಳ್ಳಿ.

ಇನ್ನು "ಎಐ ಹತ್ರ ಕೇಳಿದ್ರೆ ಆಯ್ತಲ್ಲ" ಅನ್ನೋ ಗೂಡೆಯರು ಉಂಟು. ಕೇಳಿ, ಬೇಡ ಅನ್ನೋದಿಲ್ಲ. ಆದ್ರೆ ಕೇಳುವಾಗ "ಎಕರೆಯ ನೂರನೇ ಪಾಲಿನ ಸೆಂಟ್" ಅಂತ ಪೂರ್ತಿ ಬರೆದು ಕೇಳಿ, ಎಂತದರಿಂದ ಗುಣಿಸಿತು ಅಂತಲೂ ತೋರಿಸೋಕೆ ಹೇಳಿ. ಉತ್ತರವನ್ನ ಒಂದು ಸಾರಿ ಕೈಯಲ್ಲಿ ಮಾಡಿ ನೋಡಿ.

ಇದನ್ನೆಲ್ಲ ಅತ್ತೆ ಹತ್ರ ಹೇಳಿದ್ರೆ ಅವರು ಕೇಳಿದ್ದು ಒಂದೇ, "ಅದ್ಕೆ ಬಟ್ಟಿ ಗೊತ್ತುಟ್ಟಾ?" ಇಲ್ಲೆ ಅತ್ತೆ ಅಂದೆ. ಕೊಡಗು ಮೈಸೂರಿಗೆ ಸೇರಿದ್ದು 1956ರ ನವೆಂಬರ್‌ನಲ್ಲಿ. ಕಿಲೋ, ಮೀಟರ್ ಬರ್ಬೇಕು ಅಂತ ಕಾಯ್ದೆ ಆದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. 1957ರ ಏಪ್ರಿಲ್‌ನಿಂದ ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆ ಆಯ್ತು. ಕೆಲವೇ ವರ್ಷದಲ್ಲಿ ರಾಜ್ಯ, ಸೇರು, ಆಣೆ ಎಲ್ಲಾ ಬದಲಾದದ್ದನ್ನ ಅವರ ಹಿರಿಯರು ಕಂಡವರು. ಸೇರಿನದ್ದಂತೂ ಒಂದು ಪುರಾಣ. ತೂಕದ ಪಕ್ಕಾ ಸೇರು 80 ತೊಲ, ಅಂದ್ರೆ 933 ಗ್ರಾಂ. ಅಳೆಯೋ ಸೇರು ಬೇರೆ, ಅದು ಊರಿಗೊಂದು. ಸುಳ್ಯದ ಕಡೆ 14 ಸೇರಿಗೆ ಕಳಸೆ, 42 ಸೇರಿಗೆ ಒಂದು ಮುಡಿ. ನಮ್ಮಲ್ಲಿ ಬಟ್ಟಿ. ನಮ್ಮ ಮನೆ ಲೆಕ್ಕದಲ್ಲಿ 80 ಸೇರು ಭತ್ತಕ್ಕೆ ಒಂದು ಬಟ್ಟಿ, ನೂರು ಬಟ್ಟಿ ಗದ್ದೆ ಅಂದ್ರೆ ಮೂರು ಎಕರೆ ಹತ್ರ. ಬಟ್ಟಿಯಲ್ಲಿ ಗದ್ದೆಯ ಉದ್ದಗಲ ಮಾತ್ರ ಅಲ್ಲ, ಅದು ಎಷ್ಟು ಭತ್ತ ಕೊಡ್ತದೆ ಅನ್ನೋದೂ ಸೇರಿಕೊಂಡಿದೆ. ಜೌಗಿನ ಗದ್ದೆಗೂ ಮೇಲಿನ ಗದ್ದೆಗೂ ಅದಕ್ಕೇ ವ್ಯತ್ಯಾಸ. ಇದನ್ನ ಯಾವ ಆಪ್ ಮಾಡಿದವನೂ ಹಾಕೋದಿಲ್ಲ, ನಾವೇ ಹಾಕ್ಬೇಕು.

ನಾನು ಒಂದು ಹಾಳೆಯಲ್ಲಿ ನಮ್ಮ ಮನೆಯ ಅಳತೆಗಳನ್ನೆಲ್ಲ ಬರೀತಾ ಇದ್ದೇನೆ: ನಮ್ಮ ಪಾವಿನಲ್ಲಿ ಅಕ್ಕಿ ಎಷ್ಟು ಗ್ರಾಂ, ನಮ್ಮ ಸೇರಿನಲ್ಲಿ ಭತ್ತ ಎಷ್ಟು, ಬಟ್ಟಿ ಎಷ್ಟು. ಹಳೇ ಹಿತ್ತಾಳೆ ಸೇರು ಅಟ್ಟದಿಂದ ಇಳಿಸಿ ತೂಕದ ಮೆಷಿನ್ ಮೇಲೆ ಇಟ್ಟಾಯ್ತು. ನಿಮ್ಮ ಮನೆಯಲ್ಲಿ ಹಿರಿಯರು ಇರೋವಾಗಲೇ ಕೇಳಿ ಇಡಿ. ಭಾಗಮಂಡಲ ಕಡೆಯವರ ಬಟ್ಟಿಯೂ ನಮ್ಮದೂ ಒಂದೇನಾ ಅಂತ ನನಗೆ ನೋಡ್ಬೇಕು, ಪೆರಾಜೆ ಕಡೆಯವರು ಮುಡಿ ಲೆಕ್ಕವೇ ಹಿಡೀತಾರಾ ಅಂತಲೂ. ಅಳೆದು, ಎಷ್ಟು ಸೇರು, ಯಾವ ಸೇರು ಅಂತ ಎರಡೂ ಬರೆದು ಕಳಿಸಿ.